ಅಜ್ಜನ ಟ್ರಂಕಿನಲ್ಲಿರುವ ಫಾರಂ 7

ದೇವರಾಜ ಅರಸು ಅವರ ಭೂ ಸುಧಾರಣೆ ಬಗ್ಗೆ ನಿಮ್ಮ ಲೇಖನ ಓದಿ ಮನಸ್ಸು ತುಂಬಿ ಬಂತು. ಆದರೆ ಎಲ್ಲವನ್ನೂ ಅವರೊಬ್ಬರೇ ಮಾಡಿದರು ಅನ್ನೋ ಹಾಗೆ ಬರೆದಿದ್ದೀರಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪ ಅವರ ಜೊತೆ ಗೇಣಿದಾರರು ಎದ್ದು ನಿಂತರಲ್ವಾ? ಭತ್ತ ಅಳೆಯುವ ಕೊಳಗದಿಂದಲೇ ಜಗಳ ಶುರುವಾಗಿದ್ದು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು. ಆ ಹೋರಾಟ ಇಲ್ಲದೆ, ಉಳುವವನಿಗೇ ಭೂಮಿ ಅಂದ 1974ರ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯನ್ನು ಊಹಿಸೋದೂ ಕಷ್ಟ.

ನಮ್ಮದು ಸಕಲೇಶಪುರದ ಹತ್ತಿರದ ಹಳ್ಳಿ. ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದರು. ಸುಗ್ಗಿ ಮುಗಿದರೆ ಕಣದಲ್ಲೇ ಅಳೆದು ಧಣಿಗಳ ಗಾಡಿಗೆ ತುಂಬಬೇಕಿತ್ತು. ಓದು ಬರುತ್ತಿರಲಿಲ್ಲ, ಉಳುವ ಭೂಮಿಯ ಹಕ್ಕು ಕೇಳಿ ಗೇಣಿದಾರರು ಹಾಕುವ ಅರ್ಜಿ ಫಾರಂ 7ಕ್ಕೆ ಹೆಬ್ಬೆಟ್ಟು ಒತ್ತಿದರು. ಆ ಅರ್ಜಿಗಳನ್ನು ವಿಚಾರಿಸುವ ಭೂ ನ್ಯಾಯಮಂಡಳಿಯಲ್ಲಿ ಆಗ ವಕೀಲರಿಗೆ ಅವಕಾಶ ಇರಲಿಲ್ಲ, ತಾವೇ ಮಾತಾಡಿದರು. ಧಣಿಗಳ ಎದುರು ಬಾಯಿ ಬಿಟ್ಟಿದ್ದು ಅದೇ ಮೊದಲು ಅಂತ ಅಜ್ಜಿ ಹೇಳುತ್ತಿದ್ದರು. ಅರ್ಜಿಯ ಪ್ರತಿ ಈಗಲೂ ಟ್ರಂಕಿನಲ್ಲಿದೆ. ಮಡಿಕೆಯಲ್ಲಿ ಹರಿದಿದೆ, ನೀಲಿ ಹೆಬ್ಬೆಟ್ಟು ಮಾತ್ರ ಹಾಗೇ ಇದೆ.

ಬೇಸರ ಒಂದೇ. ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬಹುದು ಅನ್ನೋ ಭೂಮಿತಿ ಕಾಫಿ ತೋಟಗಳಿಗೆ ಅನ್ವಯಿಸಲಿಲ್ಲ. ತೋಟದೊಳಗಿನ ಸಾಲು ಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ ಇರುವ ಕೂಲಿಯವರು ಗೇಣಿದಾರರೂ ಅಲ್ಲ, ಅವರಿಗೆ ಏನೂ ಸಿಗಲಿಲ್ಲ. ನಮ್ಮ ಪಕ್ಕದ ಲೈನಿನವರ ಮೊಮ್ಮಕ್ಕಳು ಇವತ್ತಿಗೂ ಸೈಟಿಗೆ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಅವರ ಬಗ್ಗೆಯೂ ದಯವಿಟ್ಟು ಬರೆಯಿರಿ.