ಕೇಪ್ ರಾತ್ ತಾನಾಗಿಯೇ ಬರಿದಾದ ನೆಲವಲ್ಲ

ಸ್ಕಾಟ್ಲೆಂಡಿಗೆ ಬರುವ ಕನ್ನಡಿಗ ಗೆಳೆಯರು ಎಡಿನ್‌ಬರೋ ಕೋಟೆ, ಲಾಕ್ ನೆಸ್, ಸ್ಕೈ ದ್ವೀಪ ನೋಡಿ ಮರಳುತ್ತಾರೆ. ಕೇಪ್ ರಾತ್‌ಗೆ ಹೋಗಿ ಬನ್ನಿ ಎಂದರೆ, ಅಲ್ಲೇನಿದೆ ಎಂದು ಕೇಳುತ್ತಾರೆ. ಹೋಗಿ ಬಂದವರು ಹಾಕುವ ಚಿತ್ರಗಳ ಕೆಳಗೂ ಹೆಚ್ಚುಕಡಿಮೆ ಒಂದೇ ಮಾತು: ಮನುಷ್ಯರ ಸೋಂಕಿಲ್ಲದ ನೆಲ. ಈ ಹೊಗಳಿಕೆ ನನಗೆ ಸಹಿಸುವುದಿಲ್ಲ. ಅಲ್ಲಿ ಮನುಷ್ಯರಿದ್ದರು, ಅವರನ್ನು ಎಬ್ಬಿಸಿ ಕಳುಹಿಸಲಾಯಿತು.

ಕೇಪ್ ರಾತ್ ಬ್ರಿಟನ್ ಮುಖ್ಯ ಭೂಭಾಗದ ವಾಯವ್ಯ ತುದಿ. ಅಲ್ಲಿಗೆ ನಮ್ಮ ಕಾರು ಹೋಗುವುದಿಲ್ಲ. ಡರ್ನೆಸ್ ಎಂಬ ಊರಿನ ಬಳಿ ಚಿಕ್ಕ ದೋಣಿಯಲ್ಲಿ ಅಳಿವೆ ದಾಟಬೇಕು. ಆಚೆ ದಡದಲ್ಲಿ ಕಾಯುವ ಮಿನಿಬಸ್ ಹಳ್ಳಗುಂಡಿಗಳ ದಾರಿಯಲ್ಲಿ ಸುಮಾರು 18 ಕಿಲೋಮೀಟರ್ ಕುಲುಕಾಡುತ್ತಾ ಒಯ್ಯುತ್ತದೆ. ಗಾಳಿ ಜೋರಾದರೆ ದೋಣಿಯೇ ಹೊರಡುವುದಿಲ್ಲ. ದಾರಿಯುದ್ದಕ್ಕೂ ಕಂದುಬಣ್ಣದ ಜೌಗು, ಅಲ್ಲಲ್ಲಿ ಕುರಿ, ಮೇಲೆ ಬೀಸಿ ಹೋಗುವ ಮಳೆ. ಕೊನೆಯಲ್ಲಿ ಬಿಳಿಯ ದೀಪಸ್ತಂಭ.

ಅದನ್ನು 1828ರಲ್ಲಿ ಕಟ್ಟಿಸಿದವರು ಎಂಜಿನಿಯರ್ ರಾಬರ್ಟ್ ಸ್ಟೀವನ್ಸನ್. ಗೋಪುರದ ಎತ್ತರ 20 ಮೀಟರ್ ಅಷ್ಟೇ. ಆದರೆ ಬಂಡೆಯ ನೆತ್ತಿಯ ಮೇಲಿರುವುದರಿಂದ ದೀಪ ಸಮುದ್ರಮಟ್ಟದಿಂದ 122 ಮೀಟರ್ ಎತ್ತರದಲ್ಲಿ ಉರಿಯುತ್ತದೆ. 30 ಸೆಕೆಂಡಿಗೊಮ್ಮೆ ನಾಲ್ಕು ಬಾರಿ ಮಿನುಗುತ್ತದೆ. ಅಟ್ಲಾಂಟಿಕ್ ಕಡೆಯಿಂದ ಬಂದ ಹಡಗು ಪೂರ್ವಕ್ಕೆ ತಿರುಗಬೇಕಾದ ಜಾಗ ಇದು. ವೈಕಿಂಗರ ದೋಣಿಗಳೂ ಇಲ್ಲಿಯೇ ದಿಕ್ಕು ಬದಲಿಸುತ್ತಿದ್ದವು. 1998ರಲ್ಲಿ ದೀಪ ಸ್ವಯಂಚಾಲಿತವಾಯಿತು, ದೀಪ ಕಾಯುವವರು ಮನೆ ಖಾಲಿ ಮಾಡಿದರು.

ಅಲ್ಲಿ ನಿಂತು ಪೂರ್ವಕ್ಕೆ ತಿರುಗಿದರೆ ಕ್ಲೋ ಮೋರ್ ಕಾಣುತ್ತದೆ. ಬ್ರಿಟನ್ ಮುಖ್ಯ ಭೂಭಾಗದಲ್ಲಿ ಸಮುದ್ರಕ್ಕೆ ಬೀಳುವ ಬಂಡೆಗೋಡೆಗಳಲ್ಲಿ ಇದೇ ಅತ್ಯಂತ ಎತ್ತರದ್ದು, 281 ಮೀಟರ್. ವಸಂತ ಬಂದರೆ ಪಫಿನ್, ಗಿಲ್ಲೆಮಾಟ್, ರೇಜರ್‌ಬಿಲ್ ಹಕ್ಕಿಗಳು ಇಲ್ಲಿ ಸಾವಿರಗಟ್ಟಲೆ ಬಂದು ಮೊಟ್ಟೆಯಿಡುತ್ತವೆ. ಮೋಡವಿಲ್ಲದ ದಿನ ಪೂರ್ವದಂಚಿನಲ್ಲಿ ಆರ್ಕ್ನಿ ದ್ವೀಪಗಳೂ ಪಶ್ಚಿಮದಲ್ಲಿ ಲೂಯಿಸ್ ದ್ವೀಪವೂ ಕಾಣುತ್ತವೆ. ಉಸಿರು ಬಿಗಿಹಿಡಿದು ನೋಡುವಂಥ ನೋಟ, ಅದರಲ್ಲಿ ನನ್ನದೇನೂ ತಕರಾರಿಲ್ಲ.

ನನ್ನನ್ನು ಕಾಡುವುದು ಅಲ್ಲಿನ ಕತೆಗಳು. ದೀಪಸ್ತಂಭದಿಂದ ದಕ್ಷಿಣಕ್ಕೆ ನಡೆದರೆ ಸಿಗುವ ಸ್ಯಾಂಡ್‌ವುಡ್ ಕೊಲ್ಲಿಯಲ್ಲಿ, 1900ರ ಚಳಿಗಾಲದಲ್ಲಿ, ಕಳೆದುಹೋದ ಕುರಿ ಹುಡುಕುತ್ತಿದ್ದ ಗನ್ ಎಂಬ ರೈತ ಬಂಡೆಯ ಮೇಲೆ ಮತ್ಸ್ಯಕನ್ಯೆಯನ್ನು ಕಂಡನಂತೆ. ಮೊದಲು ಬೆದರಿದ್ದು ಅವನ ನಾಯಿ. ಸಾಯುವವರೆಗೂ ಅವನು ಆ ಮಾತು ಬದಲಿಸಲಿಲ್ಲ ಎನ್ನುತ್ತಾರೆ. ಡರ್ನೆಸ್ಸಿನ ಸ್ಮೂ ಗುಹೆಯ ಕತೆ ಇನ್ನೂ ಸೊಗಸು. ಆ ಸೀಮೆಯ ಒಡೆಯ ಲಾರ್ಡ್ ರೇ ಇಟಲಿಯ ಪಾದುವಾದಲ್ಲಿ ಸೈತಾನನ ಬಳಿಯೇ ಮಾಟ ಕಲಿತವನಂತೆ. ಪಾಠ ಮುಗಿದಾಗ ಕೊನೆಯಲ್ಲಿ ಹೊರಡುವ ಶಿಷ್ಯ ಗುರುವಿನ ಪಾಲು. ಕೊನೆಯವನಾದ ರೇ, ‘ನನ್ನ ಹಿಂದೆ ಬರುತ್ತಿದ್ದಾನಲ್ಲ, ಅವನನ್ನು ಹಿಡಿದುಕೋ’ ಎಂದು ತನ್ನ ನೆರಳನ್ನು ತೋರಿಸಿ ಪಾರಾದ. ಅಂದಿನಿಂದ ಬಿಸಿಲಿನಲ್ಲಿ ನಿಂತರೂ ಅವನಿಗೆ ನೆರಳಿರಲಿಲ್ಲ. ಸೈತಾನ ಸೇಡು ತೀರಿಸಲು ಗುಹೆಯಲ್ಲಿ ಕಾದು ಕುಳಿತಿದ್ದ. ಅಷ್ಟರಲ್ಲಿ ಕೋಳಿ ಕೂಗಿತು, ಅವನು ಚಾವಣಿಯನ್ನೇ ಒಡೆದುಕೊಂಡು ಓಡಿದ. ಗುಹೆಯ ಮೇಲಿನ ತೂತುಗಳು ಆದದ್ದು ಹೀಗೆ.

ಜಮೀನ್ದಾರನಿಗೆ ನೆರಳೇ ಇರಲಿಲ್ಲ ಎಂಬ ಕತೆಯನ್ನು ಯಾರು ಕಟ್ಟಿಯಾರು? ಅವನ ನೆಲದಲ್ಲಿ ಉಳುತ್ತಿದ್ದ ಒಕ್ಕಲುಗಳೇ ಕಟ್ಟಿರಬೇಕು ಎಂದು ನನ್ನ ಊಹೆ. ಕುರಿ, ನಾಯಿ, ಕೋಳಿ ಎಲ್ಲವೂ ಇರುವ ಇಂಥ ಕತೆಗಳು ಜನರಿಲ್ಲದ ಕಡೆ ಹುಟ್ಟುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸದರ್ಲೆಂಡ್ ಸೀಮೆಯ ಒಡೆಯರು ಕುರಿ ಸಾಕಣೆಯ ಲಾಭಕ್ಕಾಗಿ ಕಣಿವೆ ಕಣಿವೆಗಳಿಂದ ಒಕ್ಕಲೆಬ್ಬಿಸಿದರು. ಡರ್ನೆಸ್ಸಿನ ಜನ 1841ರಲ್ಲಿ ತಿರುಗಿ ನಿಂತರು, ನೋಟಿಸು ಹಿಡಿದು ಬಂದ ಅಧಿಕಾರಿಗಳನ್ನು ಅಟ್ಟಿದರು. ನೂರಾರು ವರ್ಷ ಉತ್ತ ಜನರನ್ನು ತೆಗೆದು ಕುರಿ ಬಿಟ್ಟರೆ ಉಳಿಯುವ ನೆಲವನ್ನು ‘ಪ್ರಕೃತಿಯ ಮಡಿಲು’ ಎಂದು ಕರೆಯಲು ನನ್ನ ಬಾಯಿ ಬರುವುದಿಲ್ಲ.

ಈಗ ಅದೇ ನೆಲದ ದೊಡ್ಡ ಭಾಗ ಬ್ರಿಟಿಷ್ ಸೇನೆಯ ತಾಲೀಮಿನ ಜಾಗ. ಯುದ್ಧನೌಕೆಗಳು ಸಮುದ್ರದಿಂದ ಗುಂಡು ಹಾರಿಸುತ್ತವೆ. ಕರಾವಳಿಗೆ ಅಂಟಿಕೊಂಡಂತಿರುವ ಗಾರ್ವಿ ಎಂಬ ಬಂಡೆದ್ವೀಪದ ಮೇಲೆ ವಿಮಾನಗಳು ಸುಮಾರು 450 ಕಿಲೋ ತೂಕದ ನಿಜವಾದ ಬಾಂಬು ಹಾಕುತ್ತವೆ. ಹಕ್ಕಿಗಳ ಸಂರಕ್ಷಿತ ನೆಲೆಯ ಪಕ್ಕದಲ್ಲೇ! ಯಾರೂ ಇಲ್ಲವಲ್ಲ ಎಂಬುದೇ ಇದಕ್ಕೆಲ್ಲ ಸಮರ್ಥನೆ. ಮೊದಲು ಜನರನ್ನು ಕಳೆದು, ಆಮೇಲೆ ಜನರಿಲ್ಲ ಎಂಬುದನ್ನೇ ಕಾರಣವಾಗಿ ತೋರಿಸುವುದು ಯಾವ ನ್ಯಾಯ?

ರಕ್ಷಣಾ ಸಚಿವಾಲಯ ದೀಪಸ್ತಂಭದ ಸುತ್ತಲಿನ ನೆಲವನ್ನೂ ಕೊಳ್ಳಲು ಹೊರಟಾಗ ಡರ್ನೆಸ್ ಊರಿನವರು ಸುಮ್ಮನಿರಲಿಲ್ಲ. ನೆಲ ಮಾರಾಟಕ್ಕೆ ಬಂದರೆ ಮೊದಲು ಕೊಳ್ಳುವ ಹಕ್ಕನ್ನು ಊರಿಗೆ ಕೊಡುವ ಸ್ಕಾಟ್ಲೆಂಡಿನ ಭೂಸುಧಾರಣಾ ಕಾನೂನನ್ನು ಹಿಡಿದು ನಿಂತರು. 2013ರಲ್ಲಿ ಸಚಿವಾಲಯ ಹಿಂದೆ ಸರಿಯಿತು. ಒಕ್ಕಲೆದ್ದವರ ಸೀಮೆಯಲ್ಲಿ ಇಷ್ಟು ಕಡಿಮೆ ಜನ ಸೇರಿ ಗೆದ್ದ ಈ ಹೋರಾಟ, ಭೂಶಿರದ ನೋಟಕ್ಕಿಂತ ನನಗೆ ದೊಡ್ಡದು.

ಹೋಗುವವರು ದೋಣಿ ಹತ್ತುವ ಮೊದಲು ಡರ್ನೆಸ್ ಬಳಿಯ ಬಾಲ್ನಕೀಲ್‌ನಲ್ಲಿರುವ ಪಾಳುಬಿದ್ದ ಚರ್ಚಿಗೆ ಹೋಗಿ. 1778ರಲ್ಲಿ ತೀರಿಕೊಂಡ ಗೇಲಿಕ್ ಕವಿ ರಾಬ್ ಡಾನ್‌ನ ಸಮಾಧಿ ಅಲ್ಲಿದೆ. ಅವನಿಗೆ ಓದುಬರಹ ಬರುತ್ತಿರಲಿಲ್ಲ. ಬಾಯಲ್ಲೇ ಪದ ಕಟ್ಟಿ ಒಡೆಯರನ್ನೂ ಪಾದ್ರಿಗಳನ್ನೂ ಹಂಗಿಲ್ಲದೆ ಚುಚ್ಚುತ್ತಿದ್ದ, ಬೇರೆಯವರು ಬರೆದಿಟ್ಟುಕೊಂಡರು. ದೋಣಿ, ಮಿನಿಬಸ್ ಓಡಾಡುವುದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ. ಸೇನೆಯ ತಾಲೀಮಿನ ದಿನಗಳನ್ನು ಮೊದಲೇ ವಿಚಾರಿಸಿ, ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಕಾಲಿಡಬೇಡಿ. ರಾತ್ರಿ ಡರ್ನೆಸ್ಸಿನಲ್ಲೇ ಉಳಿಯಿರಿ, ಊಟವನ್ನೂ ಅಲ್ಲಿಯೇ ಮಾಡಿ. ಊರಿನವರ ಕೈಗೆ ನಾಲ್ಕು ಕಾಸು ಸೇರಲಿ.