ಎಂ.ಎಸ್ಸಿ. ತರಗತಿಯ ಮ್ಯೂ ಮತ್ತು ಆಷಾಢದ ಉಪ್ಪಿನ ಭರಣಿ

ಎಂ.ಎಸ್ಸಿ. ಭೌತಶಾಸ್ತ್ರದಲ್ಲಿ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ (ಅಸಂಖ್ಯ ಕಣಗಳ ಸಾಧ್ಯ ಸ್ಥಿತಿಗಳನ್ನು ಎಣಿಸಿ ವಸ್ತುವಿನ ಗುಣಗಳನ್ನು ತಿಳಿಯುವ ಶಾಸ್ತ್ರ) ಪಾಠ ಆರಂಭವಾಗುವಾಗ, ‘ಬಿ.ಎಸ್ಸಿ.ಯಲ್ಲೇ ಆಗಿದೆಯಲ್ಲ’ ಎಂದು ಉಷ್ಣ ಮತ್ತು ಶಕ್ತಿಯ ಶಾಸ್ತ್ರವಾದ ಥರ್ಮೋಡೈನಾಮಿಕ್ಸನ್ನು ಎರಡು ಮೂರು ತರಗತಿಗಳಲ್ಲಿ ಮುಗಿಸಿಬಿಡುವ ರೂಢಿ ನಮ್ಮಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಬಂದು ನೆಟ್, ಗೇಟ್ ಪರೀಕ್ಷೆಗಳಿಗೆ ಓದುವ ನಮ್ಮ ಮಕ್ಕಳು ಆ ಎಣಿಕೆಯ ಒಂದು ಮುಖ್ಯ ಸೂತ್ರವಾದ ಗ್ರ್ಯಾಂಡ್ ಕೆನಾನಿಕಲ್ ಪಾರ್ಟಿಷನ್ ಫಂಕ್ಷನ್ನನ್ನು ತಡವರಿಸದೆ ಬರೆಯುತ್ತಾರೆ. ಅದರೊಳಗಿರುವ ಮ್ಯೂ (μ) ಎಂಬ ಗ್ರೀಕ್ ಅಕ್ಷರ, ಅಂದರೆ ಕೆಮಿಕಲ್ ಪೊಟೆನ್ಷಿಯಲ್, ಮಾಡುವ ಕೆಲಸವೇನು ಎಂದು ಕೇಳಿದರೆ ಮಾತ್ರ ವ್ಯಾಖ್ಯೆಯ ಸಮೀಕರಣವನ್ನೇ ಮತ್ತೊಮ್ಮೆ ಬರೆದು ತೋರಿಸುತ್ತಾರೆ. ಇದರಲ್ಲಿ ತಪ್ಪು ಅವರದಲ್ಲ.

ಆ ಕೆಲಸವನ್ನು ನಮ್ಮ ಕರಾವಳಿಯ ಯಾವ ಅಡುಗೆಮನೆಯಲ್ಲಾದರೂ ಆಷಾಢದಲ್ಲಿ ನೋಡಬಹುದು. ಮುಚ್ಚಳ ಸಡಿಲವಿದ್ದ ಉಪ್ಪಿನ ಭರಣಿಯ ತಳದಲ್ಲಿ ಕೆಲವೇ ದಿನಗಳಲ್ಲಿ ನೀರು ನಿಂತಿರುತ್ತದೆ. ಇನ್ನು ಕರಗಲಾರದಷ್ಟು ಉಪ್ಪು ತುಂಬಿದ ನೀರಿನ ಆವಿಯ ಒತ್ತಡವು ಶುದ್ಧ ನೀರಿನದರ ಸುಮಾರು ಶೇ. 75ರಷ್ಟು ಮಾತ್ರ. ಗಾಳಿಯ ಸಾಪೇಕ್ಷ ಆರ್ದ್ರತೆ ಅದನ್ನು ದಾಟಿತೆಂದರೆ, ಗಾಳಿಯಲ್ಲಿರುವ ನೀರಿನ ಮ್ಯೂ ಉಪ್ಪುನೀರಿನಲ್ಲಿರುವ ನೀರಿನ ಮ್ಯೂಗಿಂತ ಹೆಚ್ಚಾಗುತ್ತದೆ. ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಅಣುಗಳು ಸಾಗುತ್ತವೆ, ಮತ್ತು ಕರಗದ ಹರಳು ಉಳಿದಿರುವವರೆಗೆ ಆ ಅಂತರ ತಗ್ಗುವುದೇ ಇಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾ ಆಗರದ ಉಪ್ಪಿನಂಥ ಶುದ್ಧೀಕರಿಸದ ಸಮುದ್ರದುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ, ಅದು ಇನ್ನೂ ಕಡಿಮೆ ಆರ್ದ್ರತೆಯಲ್ಲೇ ಒದ್ದೆಯಾಗುತ್ತದೆ. (ಪ್ಯಾಕೆಟ್ ಉಪ್ಪೇ ಮೇಲು ಎಂದು ನಾನು ಹೇಳುತ್ತಿಲ್ಲ, ಮೀನುಸಾರಿಗೆ ಹರಳುಪ್ಪೇ ಬೇಕು.)

ಇಷ್ಟನ್ನು ತಿಳಿಯಲು ಒಂದು ಸ್ಥಿತಿಯನ್ನೂ ಎಣಿಸಬೇಕಾಗಲಿಲ್ಲ. ಅಮೆರಿಕದ ವಿಜ್ಞಾನಿ ಗಿಬ್ಸ್ ಮ್ಯೂ ಎಂಬ ಈ ಪರಿಕಲ್ಪನೆಯನ್ನು ಕಟ್ಟಿದ್ದು 1870ರ ದಶಕದಲ್ಲಿ. ಎನ್ಸೆಂಬಲ್‌ಗಳ (ಒಂದು ವ್ಯವಸ್ಥೆಯ ಸಾಧ್ಯ ಸ್ಥಿತಿಗಳ ಸಮೂಹಗಳ) ಕುರಿತ ಅವರ ಗ್ರಂಥ ಬಂದದ್ದು 1902ರಲ್ಲಿ. ನಾವು ಮೊದಲನೆಯದನ್ನು ಹಾರಿಸಿ ಎರಡನೆಯದರಿಂದ ಪಾಠ ಶುರುಮಾಡುತ್ತೇವೆ.

ಇದರ ನಷ್ಟ ತಿಳಿಯುವುದು ಬೋಸ್–ಐನ್‌ಸ್ಟೈನ್ ಸಾಂದ್ರೀಕರಣದ (ತೀರ ತಂಪಾದ ಪರಮಾಣುಗಳು ಒಂದೇ ಶಕ್ತಿಮಟ್ಟದಲ್ಲಿ ಸೇರುವುದರ) ಅಧ್ಯಾಯದಲ್ಲಿ. 1924ರಲ್ಲಿ ಬೋಸ್ ಸ್ಥಿತಿಗಳನ್ನು ಎಣಿಸಿದ್ದು ಫೋಟಾನ್‌ಗಳಿಗೆ, ಅಂದರೆ ಬೆಳಕಿನ ಕಣಗಳಿಗೆ. ಅವುಗಳ ಸಂಖ್ಯೆ ಸ್ಥಿರವಲ್ಲ, ಆದ್ದರಿಂದ ಅಲ್ಲಿ ಮ್ಯೂ ಸೊನ್ನೆ. ಐನ್‌ಸ್ಟೈನ್ ಅದೇ ಎಣಿಕೆಯನ್ನು ಅನ್ವಯಿಸಿದ ಪರಮಾಣುಗಳ ಸಂಖ್ಯೆ ಸ್ಥಿರ. ಉಷ್ಣತೆ ಇಳಿದಂತೆ ಮ್ಯೂ ಏರುತ್ತದೆ, ಆದರೆ ಅತ್ಯಂತ ಕೆಳಗಿನ ಶಕ್ತಿಮಟ್ಟವನ್ನು ಅದು ದಾಟುವಂತಿಲ್ಲ, ಹಾಗಾಗಿ ಮೇಲಿನ ಮಟ್ಟಗಳಲ್ಲಿ ಹಿಡಿಸದ ಪರಮಾಣುಗಳೆಲ್ಲ ಆ ಕೆಳಮಟ್ಟದಲ್ಲೇ ಸೇರಬೇಕಾಗುತ್ತದೆ. 1995ರಲ್ಲಿ ರುಬಿಡಿಯಂ ಅನಿಲದಲ್ಲಿ ಕಂಡದ್ದು ಇದನ್ನೇ. ಮ್ಯೂ ಅರ್ಥವಾಗದ ವಿದ್ಯಾರ್ಥಿಗೆ ಈ ಅಧ್ಯಾಯದಿಂದ ಉಳಿಯುವುದು, ಸಾಂದ್ರೀಕರಣ ಶುರುವಾಗುವ ಉಷ್ಣತೆಯ ಸೂತ್ರದಲ್ಲಿ ಬರುವ 2.612 ಎಂಬ ಸಂಖ್ಯೆಯೊಂದೇ.

ಸೆಮಿಸ್ಟರಿನಲ್ಲಿ ಸಮಯವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದುದೇ. ಕಾಂತತ್ವವನ್ನು ವಿವರಿಸುವ ಒಂದು ಆಯಾಮದ ಐಸಿಂಗ್ ಮಾದರಿಯನ್ನು ಎರಡೆರಡು ವಿಧಾನಗಳಲ್ಲಿ ಬಿಡಿಸುವುದನ್ನು ಕೈಬಿಟ್ಟರೆ, ಮ್ಯೂಗೆ ಬೇಕಾದ ಒಂದು ವಾರ ಅಲ್ಲಿಯೇ ಸಿಗುತ್ತದೆ.