ಅಮ್ಮನ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು

ಆರು ವರ್ಷಗಳಿಂದ ಡಿಮೆನ್ಷಿಯಾ ಇರುವ ನನ್ನ ಅಮ್ಮ ಕಳೆದ ತಿಂಗಳು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಅದರ ಬಗ್ಗೆ ನನಗೆ ದೂರಿಲ್ಲ. ನನ್ನ ಸಿಟ್ಟೆಲ್ಲ ಆನಂತರದ ಎರಡು ರಾತ್ರಿಗಳ ಮೇಲೆ. ಅಮ್ಮನಿಗೆ ಮರೆವಿನ ಕಾಯಿಲೆಯಿದೆ, ಗೊತ್ತಿಲ್ಲದ ಜಾಗದಲ್ಲಿ ಕತ್ತಲಾದರೆ ಗಾಬರಿಯಾಗುತ್ತಾರೆ, ನಾನೊಬ್ಬಳು ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತೇನೆ ಎಂದು ಎಷ್ಟು ಬೇಡಿಕೊಂಡರೂ, ಐಸಿಯು ಒಳಗೆ ಯಾರನ್ನೂ ಬಿಡುವುದಿಲ್ಲ ಎಂಬ ಒಂದೇ ಮಾತು ಹೇಳಿ ನನ್ನನ್ನು ಹೊರಗೆ ಕಳುಹಿಸಿದರು. ಬೆಳಿಗ್ಗೆ ಒಳಗೆ ಹೋದಾಗ ಅಮ್ಮನ ಎರಡೂ ಮುಂಗೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಲಾಗಿತ್ತು. ಡ್ರಿಪ್ ಸೂಜಿ ಕಿತ್ತುಹಾಕುತ್ತಿದ್ದರಂತೆ. ಕೇಸ್ ಶೀಟಿನಲ್ಲಿ ‘ರೋಗಿ ಸಹಕರಿಸುತ್ತಿಲ್ಲ’ ಎಂದು ಬರೆದಿದ್ದರು.

ತಾನು ಎಲ್ಲಿದ್ದೇನೆಂದು ತಿಳಿಯದ, ನೋವು ಎಲ್ಲಿದೆಯೆಂದು ಹೇಳಲು ಮಾತು ಸಿಗದ ಎಪ್ಪತ್ತೆಂಟರ ಹೆಂಗಸು ಹೇಗೆ ಸಹಕರಿಸಬೇಕಿತ್ತು? ಕನ್ನಡಕವನ್ನೂ ಶ್ರವಣಯಂತ್ರವನ್ನೂ ತೆಗೆದು ಕವರಿನಲ್ಲಿ ಹಾಕಿ ಮೊದಲೇ ನನ್ನ ಕೈಗೆ ಕೊಟ್ಟಿದ್ದರು. ಅಮ್ಮ ಬಾಯಾರಿದರೆ ನೀರು ಕೇಳುವುದಿಲ್ಲ, ತುಟಿ ಸವರಿಕೊಳ್ಳುತ್ತಾರೆ. ಮೂತ್ರಕ್ಕೆ ಹೋಗಬೇಕಾದರೆ ಸೀರೆಯ ನೆರಿಗೆ ಹಿಡಿದು ಎಳೆಯುತ್ತಾರೆ, ಅಲ್ಲಿ ಸೀರೆಯಿಲ್ಲದ ಕಾರಣ ಕೈಗೆ ಸಿಕ್ಕಿದ್ದನ್ನು ಎಳೆದಿರಬೇಕು. ಇದೆಲ್ಲ ನನಗೆ ಗೊತ್ತಿತ್ತು, ಆದರೆ ಯಾರೂ ಕೇಳಲಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ವಯಸ್ಸಾದವರಲ್ಲಿ ಹಠಾತ್ತನೆ ಕಾಣಿಸಿಕೊಳ್ಳುವ ಗೊಂದಲಕ್ಕೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಡಿಮೆನ್ಷಿಯಾ ಇರುವವರಿಗೆ ಅದರ ಅಪಾಯ ಇನ್ನೂ ಹೆಚ್ಚು. ನೋವು, ಮೂತ್ರದ ಸೋಂಕು, ಮಲಬದ್ಧತೆ, ನಿದ್ದೆಗೇಡು ಇವುಗಳಲ್ಲಿ ಯಾವುದೂ ಅದಕ್ಕೆ ಕಾರಣವಾಗಬಹುದು. ಪರಿಚಿತ ಮುಖ, ಕಣ್ಣಿಗೆ ಕನ್ನಡಕ, ಹಗಲು ರಾತ್ರಿ ತಿಳಿಯುವಂಥ ಬೆಳಕು ಅದನ್ನು ತಡೆಯಲು ನೆರವಾಗುತ್ತವೆ, ಕೈ ಕಟ್ಟಿದರೆ ಅದು ಉಲ್ಬಣಿಸುತ್ತದೆ. ವೈದ್ಯವೃತ್ತಿಯಲ್ಲಿ ಇದು ಹೊಸ ವಿಷಯವೇನಲ್ಲ. ಬ್ರಿಟನ್ನಿನಲ್ಲಿ ಡಿಮೆನ್ಷಿಯಾ ಇರುವವರ ಮನೆಯವರಿಗೆ ಆಸ್ಪತ್ರೆಯಲ್ಲಿ ಜೊತೆಗಿರುವ ಹಕ್ಕು ಬೇಕೆಂದು 2014ರಲ್ಲೇ ಜಾನ್ಸ್ ಕ್ಯಾಂಪೇನ್ ಎಂಬ ಆಂದೋಲನ ಹುಟ್ಟಿಕೊಂಡಿತು. ನಮ್ಮ ದೇಶದಲ್ಲಿ ಅರುವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್ ನೆರವಿನಿಂದ ಜಿಲ್ಲಾಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್‌ಗಳು ಶುರುವಾಗಿರುವುದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಇಂಥ ರೋಗಿಗಳು ಕಾಲು ಮುರಿದುಕೊಂಡು ಮೂಳೆ ವಿಭಾಗಕ್ಕೂ, ಜ್ವರ ಬಂದು ಸಾಮಾನ್ಯ ವಾರ್ಡಿಗೂ ಬರುತ್ತಾರೆ. ಅಲ್ಲಿನ ಸಿಸ್ಟರ್‌ಗಳಿಗೆ ಇದನ್ನು ಕಲಿಸುವವರು ಯಾರು? ಅವರನ್ನಷ್ಟೇ ಬೈಯುವುದು ನ್ಯಾಯವಲ್ಲ, ಆ ರಾತ್ರಿ ಅಷ್ಟೂ ಮಂಚಗಳಿಗೆ ಇದ್ದವರು ಇಬ್ಬರೇ. ಹಾಗಿರುವಾಗ ಉಚಿತವಾಗಿ ಕುಳಿತಿರಲು ಸಿದ್ಧಳಿದ್ದ ಮಗಳನ್ನು ಹೊರಗೆ ನಿಲ್ಲಿಸಿದ್ದು ಯಾವ ನಿಯಮ?

ಮನೆಗೆ ಬಂದ ಮೇಲೂ ಯಾರಾದರೂ ಹತ್ತಿರ ಬಂದರೆ ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಳ್ಳುತ್ತಾರೆ. ಅವರ ಅಭ್ಯಾಸ, ಭಯ, ಸನ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೇಸ್ ಶೀಟಿಗೆ ಸೇರಿಸಿರೆಂದು ಡಿಸ್ಚಾರ್ಜ್ ದಿನ ಕೊಟ್ಟಿದ್ದೆ, ಅಂಥದ್ದನ್ನು ಇಟ್ಟುಕೊಳ್ಳುವ ಪದ್ಧತಿಯಿಲ್ಲವೆಂದು ಹಿಂದಿರುಗಿಸಿದರು. ಮುಂದಿನ ಸೋಮವಾರ ಎಕ್ಸ್‌ರೇಗೆ ಹೋಗಬೇಕಿದೆ, ಆ ಹಾಳೆಯನ್ನು ಮತ್ತೆ ಒಯ್ಯುತ್ತೇನೆ.